ಮಾರೆಪ್ಪ ಮಾಸ್ತರರು ಬರೆದ ಚಿತ್ರ

ಹಂಸಭಾವಿ, ತಾ. ಹಿರೇಕೆರೂರ
12-1-1977

ಸವಣೂರಿನ ಚೌಡವ್ವನವರಿಗೆ ಹಂಸಭಾವಿಯ ಗುತ್ತೆಪ್ಪನ ನಮಸ್ಕಾರಗಳು.

ಇಲ್ಲಿ ಬಂಡಿಯ ಎಡಗಡೆಯ ಎತ್ತು ಕುಂಟುತ್ತಿದೆ. ಅದನ್ನು ಬಿಟ್ಟರೆ ಎಲ್ಲರೂ ಕ್ಷೇಮ.

ನಮ್ಮಿಬ್ಬರಿಗೂ ಬೇಕಾದವರಾದ ಮಲ್ಲೇಶಪ್ಪನವರು ನಿಮ್ಮ ಮಗ ಗಿರಿಯಪ್ಪನ ವಿಷಯ ಹೇಳಿದರು. ವೀಳ್ಯದ ಎಲೆತೋಟದ ಕೆಲಸ ಬಲ್ಲವನು, ಮೆಟ್ರಿಕ್‌ವರೆಗೆ ಓದಿದವನು, ಚಟಗಳಿಲ್ಲ, ತಾಯಿಯ ಮಾತಿನ ಗೆರೆ ದಾಟುವವನಲ್ಲ ಎಂದರು. ಮೊದಲ ಮೂರು ಕೇಳಿ ಸಂತೋಷವಾಯಿತು.

ನೀವು ನನ್ನ ಮಗಳು ಕರೆವ್ವನ ಫೋಟೋ ಕೇಳಿದ್ದಿರಿ. ಫೋಟೋ ಕಳಿಸುವುದಿಲ್ಲ. ಸಿಟ್ಟಾಗಬೇಡಿ, ಕಾರಣವಿದೆ. ಹೋದ ವರ್ಷ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದೆವು. ಆ ಪುಣ್ಯಾತ್ಮ ತಿದ್ದಿ ತಿದ್ದಿ ಹುಡುಗಿಯನ್ನು ಹಾಲಿನಲ್ಲಿ ಅದ್ದಿ ತೆಗೆದಂತೆ ಮಾಡಿಕೊಟ್ಟ. ಕೆನ್ನೆಯ ಮಚ್ಚೆಯನ್ನೂ ಒರೆಸಿಹಾಕಿದ. ಅದನ್ನು ನೋಡಿ ಎರಡು ಕಡೆಯವರು ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಕರೆವ್ವ ಹೊರಗೆ ಬಂದು ನಿಂತಾಗ "ಫೋಟೋದಾಗಿನ ಹುಡುಗಿ ಎಲ್ಲಿದಾಳ್ರಿ?" ಎಂದು ಕೇಳಿದರು. ಎರಡನೆಯವರಂತೂ ಒಳಕೋಣೆಗೆ ಹೊಕ್ಕು ಹುಡುಕಿದರು.

ಅಂದಿನಿಂದ ಮಗಳು ಹಟ ಹಿಡಿದಿದ್ದಾಳೆ. ತಾನು ಕಪ್ಪು ಎಂಬುದು ಬರುವವರಿಗೆ ಮೊದಲೇ ಗೊತ್ತಿರಬೇಕು, ಇದ್ದಂತೆ ನೋಡಿ ಒಪ್ಪುವವರಿದ್ದರೆ ಮದುವೆ, ಇಲ್ಲದಿದ್ದರೆ ಮದುವೆಯೇ ಬೇಡ ಎನ್ನುತ್ತಾಳೆ. ಅದಕ್ಕಾಗಿ ಇಲ್ಲಿಯ ಡ್ರಾಯಿಂಗ್ ಮಾಸ್ತರರಾದ ಮಾರೆಪ್ಪನವರಿಂದ ಪೆನ್ಸಿಲಿನಲ್ಲಿ ಅವಳ ಮುಖ ಬರೆಸಿ, ಮಲ್ಲೇಶಪ್ಪನವರ ಕೈಯಲ್ಲಿ ಕಳಿಸಿದ್ದೇನೆ. ದಯವಿಟ್ಟು ಮಡಚಬೇಡಿ. ಮೇಲೆ ಕೈಯಾಡಿಸಬೇಡಿ, ಅಳಿಸುತ್ತದೆ.

ಗುತ್ತೆಪ್ಪ (ಹೆಬ್ಬೆಟ್ಟು)
ಅಕ್ಷರ: ಮಗಳು ಕರೆವ್ವ


ಸವಣೂರು
30-1-1977

ಗುತ್ತೆಪ್ಪನವರಿಗೆ ಚೌಡವ್ವನ ಮಗ ಗಿರಿಯಪ್ಪನ ನಮಸ್ಕಾರ. ಅವ್ವನಿಗೆ ಓದುಬರಹ ಬಾರದು. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ನನ್ನ ಶಾಣ್ಯಾತನ ಕೂಡಿಸಬಾರದು ಎಂದು ಆಣೆ ಹಾಕಿಸಿದ್ದಾಳೆ. ಇನ್ನು ಮುಂದೆ ಅವಳ ಮಾತು.

"ಗುತ್ತೆಪ್ಪಣ್ಣಾರ, ಶರಣ್ರಿ. ಮೊದಲಿನ ಮೂರು ಕೇಳಿ ಸಂತೋಷ ಆತಂತ ಬರ್ಸೀರಿ. ನಾಲ್ಕನೇದ್ದು ಕೇಳಿ ಯಾಕ ಆಗಲಿಲ್ಲ? ಅದಿರ್ಲಿ.

"ಚಿತ್ರ ಮುಟ್ಟಿತು. ಹುಡುಗಿ ಕಪ್ಪಂತ ಮದಲ ಹೇಳಿದ್ರಿ, ಛಲೋ ಆತು. ನಾನೇನು ಬೆಳದಿಂಗಳಲ್ಲ. ಆದ್ರ ಮೂಗಿನ ಬಾಜೂಕ, ಗದ್ದದ ಕೆಳಗ ಅಷ್ಟು ಮಸಿ ಯಾಕ್ರಿ? ಒಲಿ ಊದಿ ಎದ್ದು ಬಂದಂಗ ಕಾಣ್ತಾಳ. ಮಾಸ್ತರಗ ಪೆನ್ಸಿಲ್ ಪುಕ್ಕಟ ಸಿಗತಾವೇನು?

"ಇನ್ನ ಕಣ್ಣು. ಅಯ್ಯ ನಮ್ಮವ್ವ! ಗ್ವಾಡಿಗೆ ಹಾಕೀವಿ. ಒಲಿ ಮುಂದ ಕುಂತ್ರ ನನ್ನ ನೋಡ್ತಾಳ. ಹಿತ್ತಲಕ್ಕ ಹೊಂಟ್ರ ನೋಡ್ತಾಳ. ರೊಟ್ಟಿ ಒಂದೀಟು ಸೀದ್ರ ಸಾಕು, 'ಇದಕ್ಕ ರೊಟ್ಟಿ ಅಂತಾರೇನು' ಅಂದಂಗ ನೋಡ್ತಾಳ. ಇನ್ನೂ ಮದುವಿ ಇಲ್ಲ ಮುಂಜಿವಿ ಇಲ್ಲ, ಆಗಲೇ ಅತ್ತೀನ್ನ ಹೆದರಸಾಕತ್ತಾಳ. ನನಗ ಒಳಗೊಳಗ ಹೆದರಿಕಿ ಆಗೇತಿ. ಏ ಗಿರಿಯಾ, ಇದನ್ನ ಬರೀಬ್ಯಾಡ."

(ಬರೆದಾಗಿತ್ತು. ಪೆನ್ನಿನದು ಅಳಿಸಲು ಬರುವುದಿಲ್ಲ. — ಗಿ.)

"ಬಾಜೂಮನಿ ಲಾಲಬಿ ಕಡ್ಲಿಹಿಟ್ಟಿನ ಖಾರಾ ಕರದು ಮಾರ್ತಾಳ. ಆಕಿ ಬಂದು ನೋಡಿ 'ಇದು ಸಿಟ್ಟಲ್ಲ ಚೌಡವ್ವಾ, ದುಃಖ' ಅಂದ್ಲು. ಆಕಿ ಗಂಡ ಇಸ್ಮಾಯಿಲಸಾಬ 'ಎರಡೂ ಅಲ್ಲ, ಹುಡುಗಿಗೆ ಹಸಿವಿ ಆಗೇತಿ' ಅಂದ. ಒಂದ ಮುಖದಾಗ ಸಿಟ್ಟು, ದುಃಖ, ಹಸಿವಿ ಮೂರೂ ಹೆಂಗ ಕುಂತಾವೋ ಆ ಮಾಸ್ತರನ ಹೇಳಬೇಕು.

"ಛಲೋ ಏನಂದ್ರ ಎಡಗೆನ್ನಿ ಮ್ಯಾಲಿನ ಮಚ್ಚಿ. ಹೆಣ್ಣಿಗೆ ಎಡಕ್ಕ ಮಚ್ಚಿ ಇದ್ರ ಅತ್ತಿಗೆ ಆಯುಷ್ಯ, ಬಲಕ್ಕಿದ್ರ ಅತ್ತಿ ಮಣ್ಣಿಗೆ. ನಮ್ಮತ್ತಿ ಹೇಳ್ತಿದ್ಲು. ಆ ಮಚ್ಚಿ ನೋಡಿ ಮಾತು ಮುಂದುವರಸೂಣು ಅಂತ ಮಾಡೇನಿ. ಮಾರೆಪ್ಪ ಮಾಸ್ತರನ್ನ ಒಮ್ಮೆ ಸವಣೂರಿಗೆ ಕಳಸ್ರಿ. ಆ ಕಣ್ಣು ಒಂದೀಟು ಮೆತ್ತಗ ಮಾಡ್ಲಿ. ನನ್ನದೂ ಒಂದು ಚಿತ್ರ ಬರಸ್ಕೊಬೇಕು. ಊಟ ನಮ್ಮನ್ಯಾಗ."

ಚೌಡವ್ವ (ಹೆಬ್ಬೆಟ್ಟು)

ಅಕ್ಷರ ಬರೆದವರಿಗೆ ಅಕ್ಷರ ಬರೆದವನ ಒಂದು ಮಾತು. ಆ ಕಣ್ಣುಗಳು ನನಗೆ ಸಿಟ್ಟಿನವು ಎನಿಸಲಿಲ್ಲ. ಎಲೆ ಆರಿಸಿ ಕಟ್ಟುವಾಗ ಚುಕ್ಕೆ ಬಿದ್ದ ಒಂದೆಲೆಯೂ ಒಳಗೆ ಹೋಗಬಾರದೆಂದು ನಾವು ನೋಡುತ್ತೇವಲ್ಲ, ಹಾಗೆ ನೋಡುತ್ತಿವೆ. ಚಿತ್ರ ಬರೆಸಿಕೊಳ್ಳುವವರು ಸುಮ್ಮನೆ ಕೂತಿರುತ್ತಾರೆ. ಇವರು ಮಾತ್ರ ಯಾವುದೋ ಕೆಲಸದಲ್ಲಿದ್ದಾರೆ. ಏನು ಕೆಲಸವೆಂದು ತಿಳಿಯಲಿಲ್ಲ.

ಇನ್ನೊಂದು. ಚಿತ್ರದ ಮೂಲೆಯಲ್ಲಿ ಪೆನ್ಸಿಲಿನ ಸೀಸದ ಬೂದುಬಣ್ಣದ ಹೆಬ್ಬೆಟ್ಟಿನ ಗುರುತಿದೆ. ನಿಮ್ಮ ಪತ್ರದ ಮೂಲೆಯಲ್ಲೂ ಅಂಥದೇ ಇದೆ. ಮಾಸ್ತರರು ಪತ್ರವನ್ನೂ ಮುಟ್ಟಿದ್ದರೇನೋ.


ಹಂಸಭಾವಿ
14-2-1977

ಚೌಡವ್ವನವರಿಗೆ ಗುತ್ತೆಪ್ಪನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಮಗಳು ಓದಿ ಹೇಳಿದಳು. ರೊಟ್ಟಿಯ ಮಾತು ಬಂದಾಗ ಓದುವುದನ್ನು ನಿಲ್ಲಿಸಿ ನಕ್ಕಳು. ನಗುತ್ತಾಳೆ ಎಂಬುದನ್ನೂ ನೀವು ತಿಳಿದಿರಬೇಕೆಂದು ಬರೆಸುತ್ತಿದ್ದೇನೆ. ಚಿತ್ರದಲ್ಲಿ ಅದು ಬಂದಿಲ್ಲ.

ಮಾರೆಪ್ಪ ಮಾಸ್ತರರು ಸವಣೂರಿಗೆ ಬರುವ ಸ್ಥಿತಿಯಲ್ಲಿಲ್ಲ. ಅವರಿಗೆ ಚಳಿಜ್ವರ. ವಾಸಿಯಾಗುವುದು ತಡವಾಗಬಹುದು. ಬಹಳ ತಡವಾಗಬಹುದು.

ನೀವು ಮೆಚ್ಚಿದ ಮಚ್ಚೆ ನಮ್ಮ ಅವ್ವನಿಂದ ಬಂದದ್ದು. ಅವಳಿಗೂ ಕರೆವ್ವನ ಹಾಗೆಯೇ ಬಲಗೆನ್ನೆಯ ಮೇಲಿತ್ತು. ನಮ್ಮವ್ವ ಅತ್ತೆಯ ಜೊತೆ ಮೂವತ್ತೆರಡು ವರ್ಷ ಬಾಳಿದಳು. ಜಗಳವಾಡಿದ್ದು ನಾನು ಕಂಡಂತೆ ದಿನಕ್ಕೆ ಒಂದೇ ಸಲ.

ಗುತ್ತೆಪ್ಪ (ಹೆಬ್ಬೆಟ್ಟು)

ಅಕ್ಷರ ಬರೆದವನಿಗೆ: ಮೂಗಿನ ಪಕ್ಕದ್ದು ಮಸಿಯಲ್ಲ, ನೆರಳು ಎಂದು ನಿಮ್ಮ ತಾಯಿಯವರಿಗೆ ತಿಳಿಸಿರಿ. ಬೆಳಕು ಕಿಟಕಿಯ ಕಡೆಯಿಂದ ಬೀಳುತ್ತಿತ್ತು. ನೆರಳಿಲ್ಲದಿದ್ದರೆ ಕಾಗದದ ಮೇಲೆ ಮೂಗು ಏಳುವುದಿಲ್ಲ, ಮುಖ ತಟ್ಟೆಯಾಗುತ್ತದೆ. ಕಪ್ಪು ಮುಖವನ್ನು ಒತ್ತಿ ತಿಕ್ಕಿ ಬರೆದರೆ ಇದ್ದಿಲಾಗುತ್ತದೆ. ಗೆರೆಯ ಮೇಲೆ ಗೆರೆ ಹಗುರವಾಗಿ ಹಾಕುತ್ತ ಹೋದರೆ ಚರ್ಮಕ್ಕೆ ಹೊಳಪು ಬರುತ್ತದೆ. ಹಣೆಯ ಮೇಲೆ ಪೆನ್ಸಿಲ್ ಮುಟ್ಟದೆ ಬಿಟ್ಟ ಒಂದು ಜಾಗವಿದೆ, ನೋಡಿರಿ. ಅಲ್ಲಿ ಬೆಳಕು ಕೂತಿದೆ. ಆ ಜಾಗ ಬಿಡುವುದಕ್ಕೇ ಎರಡು ದಿನ ಹಿಡಿಯಿತು ಎಂದು ಮಾಸ್ತರರು ಹೇಳುತ್ತಾರೆ.

ಪತ್ರದ ಮೇಲಿನ ಗುರುತು ಒಲೆಯ ಬೂದಿಯದಿರಬೇಕು.


ಸವಣೂರು
2-3-1977

ಗುತ್ತೆಪ್ಪನವರಿಗೆ. ಅವ್ವ ಸಿಟ್ಟಿನಲ್ಲಿದ್ದಾಳೆ. ನಿಂತುಕೊಂಡೇ ಹೇಳುತ್ತಿದ್ದಾಳೆ.

"ಅಣ್ಣಾರ, ಎಡ ಖರೆಯೋ ಬಲ ಖರೆಯೋ? ಚಿತ್ರದಾಗ ಎಡಗೆನ್ನಿ, ಪತ್ರದಾಗ ಬಲಗೆನ್ನಿ. ಮಚ್ಚಿ ಏನು ಕುರಿ ಹಿಂಡೇನು, ಮುಂಜಾನಿ ಆ ಕಡೆ ಸಂಜಿಗೆ ಈ ಕಡೆ ಹೊಡಕೊಂಡು ಹೋಗಾಕ? ಫೋಟೋದಾಂವ ಮಚ್ಚಿ ಒರಸಿದ ಅಂತ ಬೈದ್ರಿ. ನಿಮ್ಮ ಮಾಸ್ತರ ಅದನ್ನ ಎತ್ತಿ ಬ್ಯಾರೆ ಕಡೆ ಇಟ್ಟಾನಲ್ಲ! ಬಣ್ಣ ಮುಚ್ಚಲಿಲ್ಲಂತ ನಿಮ್ಮ ಮ್ಯಾಲ ನಂಬಿಕಿ ಇಟ್ಟಿದ್ದೆ.

"ಚಿತ್ರಾನ ಗ್ವಾಡಿ ಕಡೆ ಮಾರಿ ಮಾಡಿ ಹಾಕಿದೆ. ಎರಡು ದಿನ ಇಟ್ಟೆ. ಅಲ್ಲೂ ಗ್ವಾಡೀನ್ನ ನೋಡ್ತಿರ್ತಾಳ, ಎಲ್ಲಿ ಸುಣ್ಣ ಬಿಟ್ಟೈತಿ ಅಂತ ಹುಡಕ್ತಿರ್ತಾಳ ಅನಸಾಕತ್ತು. ಮತ್ತ ತಿರುಗಿಸಿದೆ.

"ಮಲ್ಲೇಶಪ್ಪ ಹನ್ನೆರಡನೇ ತಾರೀಕಿಗೆ ನಿಮ್ಮೂರಿಗೆ ಬರ್ತಾನ. ಮಾಸ್ತರಗಂತ ನಮ್ಮ ತೋಟದ ಕವಳಿ ಎಲಿ, ಲಾಲಬಿ ಮಾಡಿದ ಖಾರಾ ಕಳಸ್ತೇನಿ. ಜ್ವರದ ಬಾಯಿಗೆ ರುಚಿ ಆಗ್ತೈತಿ. ತಿಂದಮ್ಯಾಲ ಮಲ್ಲೇಶಪ್ಪನ ಮುಂದ ಆ ಮಾಸ್ತರ ಬಾಯಿಬಿಟ್ಟು ಹೇಳ್ಲಿ, ಮಚ್ಚಿ ಯಾವ ಕಡೆ ಕಂಡ ಅಂತ. ಬಲಕ್ಕ ಅಂದ್ರ ಈ ಮಾತು ಇಲ್ಲಿಗೇ ಬಿಡೂಣು."

ಚೌಡವ್ವ (ಹೆಬ್ಬೆಟ್ಟು, ಜೋರಾಗಿ ಒತ್ತಿದ್ದರಿಂದ ಹಿಂದಿನ ಹಾಳೆಗೂ ಮೂಡಿದೆ)

ಅಕ್ಷರ ಬರೆದವರಿಗೆ: ಮಾಸ್ತರರ ಮನೆ ಯಾವ ಓಣಿಯಲ್ಲಿದೆ ಎಂದು ಮಲ್ಲೇಶಪ್ಪನವರಿಗೆ ಮೊದಲೇ ತೋರಿಸಿಕೊಡುವುದು ಒಳ್ಳೆಯದು. ಇಲ್ಲದಿದ್ದರೆ ಅವರು ಊರೆಲ್ಲ ಕೇಳುತ್ತ ಹೋಗುತ್ತಾರೆ. ಇದಕ್ಕಿಂತ ಹೆಚ್ಚು ಬರೆದರೆ ಆಣೆ ಮುರಿದಂತಾಗುತ್ತದೆ.

ಹಣೆಯ ಮೇಲಿನ ಬೆಳಕು ನೋಡಿದೆ. ಮಾತು ಮುರಿದರೆ ಚಿತ್ರವನ್ನು ಹಿಂದಿರುಗಿಸಬೇಕಾಗುತ್ತದೆ. ಹಿಂದಿರುಗಿಸಲು ನನಗೆ ಮನಸ್ಸಿಲ್ಲ.


ಹಂಸಭಾವಿ
9-3-1977

ಚೌಡವ್ವನವರಿಗೆ ಗುತ್ತೆಪ್ಪನ ಮಗಳು ಕರೆವ್ವನ ನಮಸ್ಕಾರಗಳು.

ಅಪ್ಪ ಇವತ್ತು ಬರೆಯಲು ಹೇಳಿದ್ದು ಒಂದೇ ಸಾಲು: "ಮಾರೆಪ್ಪ ಮಾಸ್ತರ ಹ್ವಾದ ಸೋಮವಾರ ತೀರ್ಕೊಂಡ್ರು ಅಂತ ಬರಿ."

ನಾನು ಬರೆಯುವುದಿಲ್ಲ ಎಂದೆ. ಹುಟ್ಟದ ಮನುಷ್ಯನನ್ನು ಹೇಗೆ ಸಾಯಿಸುವುದು? ಅಪ್ಪ ಕೇಳಿದ: "ಜ್ವರ ಬಂತಂತ ಹೇಳಿದಾಗ ಹೇಳಿದಂಗ ಬರದಿ. ಈಗ್ಯಾಕ ಹಿಂದ ಮುಂದ ನೋಡ್ತಿ?" ಅದು ನಿಜ. ಜ್ವರದವರೆಗೆ ನಾನೂ ಪಾಲುದಾರಳು. ಸಾವು ನನ್ನಿಂದಾಗಲಿಲ್ಲ. ನೀವು ಅವರಿಗಾಗಿ ಎಲೆ ಆರಿಸಿ ಕಟ್ಟಿಟ್ಟಿರುತ್ತೀರಿ ಎಂದು ನೆನೆದು ನಾಚಿಕೆಯಾಯಿತು.

ಆ ಚಿತ್ರ ಬರೆದವಳು ನಾನೇ. ಡ್ರಾಯಿಂಗಿನ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿದ್ದೇನೆ. ಒಂಬತ್ತು ದಿನ ಕಿಟಕಿಯಲ್ಲಿ ಕನ್ನಡಿ ನಿಲ್ಲಿಸಿಕೊಂಡು ಬರೆದೆ. ಒಂಬತ್ತು ದಿನ ಕನ್ನಡಿಯ ಮುಂದೆ ಕೂತ ಹುಡುಗಿ ಎಂದು ತಿಳಿದರೆ ಯಾವ ಅತ್ತೆಯೂ ಒಪ್ಪುವುದಿಲ್ಲವೆಂದು ಅಪ್ಪ ಹೆದರಿ ಮಾಸ್ತರರನ್ನು ಹುಟ್ಟಿಸಿದ. ಅವನ ಮೇಲೆ ಸಿಟ್ಟಾಗಬೇಡಿ.

ಕನ್ನಡಿಯಲ್ಲಿ ಕಂಡಂತೆ ಬರೆದದ್ದರಿಂದ ಎಡ ಬಲ ಅದಲುಬದಲಾಗಿವೆ. ಮಚ್ಚೆ ಇರುವುದು ಬಲಗೆನ್ನೆಯ ಮೇಲೆ. ಹೋದ ಪತ್ರದಲ್ಲಿ ಅಪ್ಪ ಬರೀ "ಮಚ್ಚಿ" ಎಂದಿದ್ದ. "ಬಲಗೆನ್ನೆ" ಎಂದು ಸೇರಿಸಿದವಳು ನಾನು. ನೀವು ಎಡವೆಂದು ಸಂತೋಷಪಟ್ಟಿದ್ದಿರಿ. ಸುಮ್ಮನಿದ್ದಿದ್ದರೆ ಮದುವೆಯ ದಿನದವರೆಗೆ ನಡೆಯುತ್ತಿತ್ತು. ಆಮೇಲೆ ನೀವೂ ಒಳಕೋಣೆಗೆ ಹೋಗಿ ಎಡಗೆನ್ನೆಯ ಹುಡುಗಿಯನ್ನು ಹುಡುಕುತ್ತಿದ್ದಿರಿ. ಇನ್ನೊಂದು ಸಲ ಅದನ್ನು ನೋಡುವ ಶಕ್ತಿ ನನಗಿಲ್ಲ.

ಕಣ್ಣಿನ ವಿಷಯ. ನಾನು ನಿಮ್ಮನ್ನು ಗದರಿಸಿ ನೋಡಿಲ್ಲ. ಮುಖ ಬರೆಯುವಾಗ ಎಲ್ಲಿ ತಪ್ಪಿದೆ, ಎಲ್ಲಿ ಹೆಚ್ಚಾಯಿತು, ಎಲ್ಲಿ ನನಗೇ ಗೊತ್ತಿಲ್ಲದಂತೆ ಸ್ವಲ್ಪ ಚೆಂದ ಮಾಡಿಕೊಂಡೆ ಎಂದು ಹುಡುಕುತ್ತ ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಳ್ಳುತ್ತಿದ್ದೆ. ಆ ನೋಟವೇ ಕಾಗದಕ್ಕೆ ಇಳಿಯಿತು. ಲಾಲಬಿಯವರು ಹೇಳಿದ ದುಃಖವೂ ಸ್ವಲ್ಪ ಇದ್ದೀತು. ಮಧ್ಯಾಹ್ನದವರೆಗೂ ಏಳದೆ ಬರೆದದ್ದರಿಂದ ಹಸಿವಂತೂ ಇತ್ತು.

ನಿಮ್ಮ ಮನೆಗೆ ಬರಬೇಕೆಂಬ ಆಸೆ ಈ ಪತ್ರಗಳಿಂದಲೇ ಹುಟ್ಟಿದೆ. ಆದರೆ ಇದ್ದ ಹಾಗೆ ಬರಬೇಕು. ಬೇಡವಾದರೆ ಚಿತ್ರವನ್ನು ಮಡಚದೆ ಕಳಿಸಿಕೊಡಿರಿ.

ಇದಿಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಎತ್ತಿನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದು, ಆಮೇಲೆ ಬಂದು ಹೆಬ್ಬೆಟ್ಟು ಒತ್ತಿದ. ಮಸಿಯ ಜೊತೆ ಎಣ್ಣೆಯೂ ಅಂಟಿದೆ.

ಕರೆವ್ವ
ಗುತ್ತೆಪ್ಪ (ಹೆಬ್ಬೆಟ್ಟು)

ಅಕ್ಷರ ಬರೆದವನಿಗೆ: ಅದು ಒಲೆಯ ಬೂದಿಯಾಗಿರಲಿಲ್ಲ.


ಸವಣೂರು
28-4-1977

ಗುತ್ತೆಪ್ಪನವರಿಗೂ ಅವರ ಮಗಳಿಗೂ ನಮಸ್ಕಾರ. ಏಳು ವಾರ ಪತ್ರವಿಲ್ಲದ್ದಕ್ಕೆ ಕ್ಷಮೆಯಿರಲಿ. ನಾನು ಬರೆಯಲು ಕೂತಾಗಲೆಲ್ಲ ಅವ್ವ "ಇನ್ನೂ ಸಿಟ್ಟು ಇಳಿದಿಲ್ಲ" ಎನ್ನುತ್ತಿದ್ದಳು. ಅವಳ ಮಾತು.

"ಗುತ್ತೆಪ್ಪಣ್ಣಾರ, ನಿಮ್ಮ ಮಾಸ್ತರ ಹುಟ್ಟಲಿಲ್ಲ, ಸಾಯಲಿಲ್ಲ, ನನ್ನ ಎಲಿ ಖಾರಾ ಮಾತ್ರ ಮಲ್ಲೇಶಪ್ಪನ ಹೊಟ್ಯಾಗ ಹ್ವಾದುವು. ಅಷ್ಟೂ ಖಾರಾ ಒಬ್ಬನ ತಿಂದು ಜ್ವರ ಆತಗ ಬಂತು.

"ಸಿಟ್ಟು ಬಾಳ ಬಂದಿತ್ತು, ಸುಳ್ಳ ಯಾಕ ಹೇಳ್ಲಿ. ಚಿತ್ರ ತಗದು ಸುತ್ತಿ ಇಟ್ಟಿದ್ದೆ, ಮಡಚಲಿಲ್ಲ. ಗ್ವಾಡಿ ಭಣಭಣ ಅಂತು. ರೊಟ್ಟಿ ಸೀದ್ರೂ ಯಾರೂ ಕೇಳವರಿಲ್ಲ. ಈ ಗಿರಿಯಾ ಎರಡು ರೊಟ್ಟಿ ತಿನ್ನಾಂವ ಒಂದು ತಿನ್ನಾಕತ್ತಿದ, ಅದನ್ನ ಸೀದದ್ದು ತಿನ್ನಾಕತ್ತಿದ."

(ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಆಣೆಯಿದೆ. — ಗಿ.)

"ಮೊನ್ನೆ ಇಂವ ಕ್ಷೌರದ ಕನ್ನಡಿ ತಂದು ಕೈಯಾಗ ಕೊಟ್ಟು 'ಅವ್ವಾ, ಇದರಾಗ ನಿನ್ನ ಮಾರಿ ನೋಡ್ಕೋತ ಕುಂದರು, ಎಲ್ಲೆಲ್ಲಿ ತಪ್ಪೈತಿ ಹುಡುಕು' ಅಂದ. ನೋಡ್ಕೊಂಡೆ. ಗದ್ದದ ಮ್ಯಾಲ ಎರಡು ಕೂದಲಾ. ಹುಬ್ಬಿನಾಗ ಗಾಯದ ಕಲಿ. ಕಣ್ಣಿನ ಕೆಳಗ ಚೀಲ. ಹುಡುಕ್ಕೋತ ಹುಡುಕ್ಕೋತ ಇದ್ದಾಗ ಗಿರಿಯಾ 'ಈಗ ನಿನ್ನ ಕಣ್ಣು ನೋಡ್ಕೋ' ಅಂದ. ನೋಡಿದ್ರ ನಮ್ಮವ್ವನಾಣಿ, ಚಿತ್ರದಾಗಿನ ಕಣ್ಣ! ನಾನ ನನ್ನ ಗುರಾಯಿಸಾಕತ್ತಿದ್ದೆ.

"ಅಂದ್ರ ಆ ಹುಡುಗಿ ಅತ್ತೀನ್ನ ನೋಡಿಲ್ಲ, ತನ್ನನ್ನ ನೋಡ್ಕೊಂಡಾಳ. ನಾ ಒಂದು ಘಳಿಗಿ ನೋಡ್ಕೊಂಡು ಕನ್ನಡಿ ಬೋರಲ ಹಾಕಿದೆ. ಆಕಿ ಒಂಬತ್ತು ದಿನ ನೋಡ್ಕೊಂಡಾಳ. ನೋಡ್ಕೊಂಡು ಇದ್ದದ್ದು ಇದ್ದಂಗ ನನ್ನ ಮನಿಗೆ ಕಳಿಸ್ಯಾಳ. ತನ್ನ ಮ್ಯಾಲ ಅಷ್ಟು ಕಟ್ಟುನಿಟ್ಟು ಇದ್ದಾಕಿ ಮಂದಿಗೆ ಮೋಸ ಮಾಡಂಗಿಲ್ಲ.

"ಮಚ್ಚೀದು ವಿಚಾರ ಮಾಡೇನಿ. ಎಡದ್ದು ಗ್ವಾಡಿ ಮ್ಯಾಲ ಇರ್ಲಿ, ಬಲದ್ದು ಒಲಿ ಮುಂದ ಇರ್ಲಿ. ಎರಡೂ ಕೂಡಿ ನನ್ನನ್ನ ಹೆಂಗ ಸಾಯಸ್ತಾವು ನೋಡೂಣು. ಮುಂದಿನ ಸೋಮವಾರ ಬರ್ತೇವಿ. ಆಕಿ ಸೀರಿ ಉಟ್ಟು ತಲಿ ಬಗ್ಗಿಸಿ ನಿಂದ್ರೂದು ಬ್ಯಾಡ. ತಲಿ ಎತ್ತಿ ನೋಡ್ಲಿ. ಆ ಕಣ್ಣಿನ ರೂಢಿ ನನಗ ಆಗೇತಿ."

ಚೌಡವ್ವ (ಹೆಬ್ಬೆಟ್ಟು)

ಅಕ್ಷರ ಬರೆದವರಿಗೆ: ನಾನೂ ಜೊತೆಗೆ ಬರುತ್ತಿದ್ದೇನೆ. ನಾನು ಯಾವ ಕಡೆಯಿಂದಲೂ ಅಷ್ಟೇನೂ ನೋಡುವಂತಿಲ್ಲ. ಮೊದಲೇ ತಿಳಿಸಿದ್ದೇನೆ.


ಹಂಸಭಾವಿ
30-4-1977

ಚೌಡವ್ವನವರಿಗೆ ಗುತ್ತೆಪ್ಪನ ನಮಸ್ಕಾರಗಳು. ಬನ್ನಿರಿ. ಎತ್ತು ಈಗ ನೆಟ್ಟಗೆ ನಡೆಯುತ್ತಿದೆ, ಬಂಡಿ ಬಸ್ ನಿಲ್ದಾಣಕ್ಕೆ ಬರುತ್ತದೆ. ಉಪ್ಪಿಟ್ಟು ಇದೆ. ಒಳಕೋಣೆಯಲ್ಲಿ ಜೋಳದ ಚೀಲ ಬಿಟ್ಟರೆ ಬೇರೆ ಯಾರೂ ಇಲ್ಲ, ಹುಡುಕುವ ತ್ರಾಸ ಬೇಡ.

ಗುತ್ತೆಪ್ಪ (ಹೆಬ್ಬೆಟ್ಟು)
ಅಕ್ಷರ: ಕರೆವ್ವ.


ಸವಣೂರು
20-11-1983

ಹಂಸಭಾವಿಯ ಬೀಗರಾದ ಗುತ್ತೆಪ್ಪನವರಿಗೆ ಸವಣೂರಿನ ಚೌಡವ್ವ ಹೇಳಿ ಬರೆಸಿದ ತಕರಾರು.

"ಬೀಗರ, ನಿಮ್ಮ ಮಗಳ ಮ್ಯಾಲ ಫಿರ್ಯಾದಿ ಐತಿ. ಬರ್ಯಾಕಿನೂ ಆಕಿನ. ಆಕಿ ಒಂದಕ್ಷರ ಬಿಡಂಗಿಲ್ಲ ಅಂತ ಗೊತ್ತೈತಿ, ಅದಕ್ಕ ಆಕೀ ಕಡೆಯಿಂದನ ಬರಸಾಕತ್ತೇನಿ.

"ಆರು ವರ್ಷ ಆತು, ನನ್ನ ಚಿತ್ರ ಬರೀತೇನಿ ಕುಂದರ್ರಿ ಅಂತ ಬೆನ್ನು ಹತ್ತಿದ್ಲು. ನಾ ಒಲ್ಲೆ ಅಂತಿದ್ದೆ. ಓಣ್ಯಾಗಿನ ಮಂದೀದು ಬರದದ್ದು ನೋಡೇನಲ್ಲ. ಇಸ್ಮಾಯಿಲಸಾಬಂದು ಬರದಾಗ ಆತ ಹೊಟ್ಟಿಬಾಕ ಅಂತ ಮಾರಿ ನೋಡಿನ ತಿಳೀತಿತ್ತು. ದೀಪಾವಳಿ ಮುಗದಮ್ಯಾಲ ಕಡೀಕ ಕುಂತೆ. ಮೂರು ದಿನ ಕುಂದರಿಸಿದ್ಲು. ಹಲ್ಲು ಬಿದ್ದದ್ದು ಬರದಾಳ, ಗದ್ದದ ಕೂದಲಾ ಎರಡೂ ಬರದಾಳ. ಅದಕ್ಕ ನಾ ಏನೂ ಅನ್ನಂಗಿಲ್ಲ.

"ನನ್ನ ತಕರಾರು ಮಾರಿ ಮ್ಯಾಲಿನ ಕಳಾದ್ದು. ಇಷ್ಟು ಮೆತ್ತಗ ಬರದಾಳ ಬೀಗರ! ಹುಬ್ಬಿನಾಗ ಗಂಟಿಲ್ಲ, ಬಾಯಾಗ ಬಿಗಿ ಇಲ್ಲ. ಲಾಲಬಿ ನೋಡಿ 'ಯಾ ಅಲ್ಲಾ, ಇದ್ಯಾರು?' ಅಂದ್ಲು. ಇಸ್ಮಾಯಿಲಸಾಬ 'ಊಟ ಆಗೇತಿ' ಅಂದ. ನಲವತ್ತು ವರ್ಷ ಈ ಓಣಿ ನನಗ ಹೆದರೇತಿ. ಇದನ್ನ ಗ್ವಾಡಿಗೆ ಹಾಕಿದ್ರ ನಾಳಿಂದ ಯಾರು ಹೆದರ್ತಾರ?

"'ರಬ್ಬರ್ ತಗೋ, ಹುಬ್ಬು ಒಂದೀಟು ಗಂಟು ಹಾಕು' ಅಂದೆ. 'ಕಂಡದ್ದು ಬರದೇನ್ರಿ ಅತ್ತಿ' ಅಂತಾಳ. 'ಮೂರು ದಿನ ನಾ ಅಷ್ಟು ಮೆತ್ತಗ ಏನ ನೋಡಾಕತ್ತಿದ್ದೆ?' ಅಂತ ಕೇಳಿದೆ. ಪೆನ್ಸಿಲ್ ಕೆತ್ತಕೋತ ಕುಂತ್ಲು. ಗಿರಿಯಾನ್ನ ಕೇಳಿದ್ರ ಎಲಿತೋಟದ ಕಡೆ ಎದ್ದು ಹ್ವಾದ. ಚಿತ್ರ ಈ ಪತ್ರದ ಜೋಡಿ ಕಳಸೇನಿ. ನೀವ ನೋಡಿ ನ್ಯಾಯ ಹೇಳ್ರಿ.

"ಬಲಕ್ಕ ಮಚ್ಚಿ ಇದ್ರೂ ನಾ ಇನ್ನೂ ಗಟ್ಟಿ ಅದೇನಿ. ನಮ್ಮತ್ತಿ ಸುಳ್ಳ ಹೇಳಿದ್ಲು ಕಾಣಸ್ತೈತಿ."

ಚೌಡವ್ವ (ಹೆಬ್ಬೆಟ್ಟು)

ಪತ್ರ ಒಯ್ದು ಅಪ್ಪನಿಗೆ ಓದಿ ಹೇಳುತ್ತಿರುವ ಮಲ್ಲೇಶಪ್ಪ ಕಾಕಾ, ಇನ್ನು ಮುಂದಿನದನ್ನು ಮೆಲ್ಲಗೆ ಓದಿರಿ, ಅಪ್ಪನಿಗೆ ಮಾತ್ರ ಕೇಳುವಂತೆ.

ಅಪ್ಪಾ, ಎರಡನೆಯ ದಿನ ಅತ್ತೆಯ ಕಣ್ಣು ಬರೆಯುವಾಗ ನನ್ನ ಕಣ್ಣು ಒದ್ದೆಯಾಗಿ ಎರಡು ಸಲ ಎದ್ದು ಹೋದೆ. ಒಲೆಯ ಹೊಗೆ ಎಂದೆ. ಒಲೆ ಹೊತ್ತಿರಲಿಲ್ಲ. ಅತ್ತೆ ಏನನ್ನು ನೋಡುತ್ತಿದ್ದರೆಂದು ನಾನು ಹೇಗೆ ಹೇಳಲಿ? ಆ ಮೂರು ದಿನ ಅವರ ಎದುರಿಗೆ ಕೂತಿದ್ದವಳು ನಾನೊಬ್ಬಳೇ.

ನೋಡಿಯಾದ ಮೇಲೆ ಚಿತ್ರವನ್ನು ಮಡಚದೆ ಕಳಿಸು. ರಬ್ಬರನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟಿದ್ದೇನೆ.

ನಿನ್ನ ಕರೆವ್ವ